ಕಾಲೇಜಿನಲ್ಲಿ ಯಾವ ಭಾಷೆ ಆರಿಸಬೇಕು?

(ವೈಟ್‌ಫೀಲ್ಡ್‌ನ ಮಸೀದಿಯೊಂದರಲ್ಲಿ ನೀಡಿದ ಜುಮಾ ಪ್ರವಚನದ ಸಾರಾಂಶ)

ಸರ್ವ ಸ್ತುತಿಯೂ ಅಲ್ಲಾಹನಿಗೆ ಮೀಸಲು. ಪ್ರವಾದಿ ಮುಹಮ್ಮದ್(ಸ)ರ ಮೇಲೂ ಅವರ ಕುಟುಂಬ ಹಾಗೂ ಸಂಗಾತಿಗಳ ಮೇಲೂ ಶಾಂತಿ ಇರಲಿ.

ಪ್ರೀತಿಯ ಸಹೋದರರೇ, ಈಗ ಕಾಲೇಜು ಸೇರುವ ಕಾಲ. ಮೊನ್ನೆ ಇಶಾ ನಮಾಝಿನ ಬಳಿಕ ಒಂದು ಕುಟುಂಬ ನಮ್ಮ ಮನೆಗೆ ಬಂದಿತ್ತು. ತಂದೆ ಇಲ್ಲೇ ಐಟಿಪಿಎಲ್ ರಸ್ತೆಯ ಕಂಪನಿಗಳಿಗೆ ಕ್ಯಾಬ್ ಓಡಿಸುವವರು. ಮಗಳು ಪಿಯುಸಿ ಮುಗಿಸಿ ಬಿಕಾಂ ಸೇರುತ್ತಿದ್ದಾಳೆ. ಸೇರಲಿರುವ ಕಾಲೇಜಿನಲ್ಲಿ ಅರಬಿ, ಫ್ರೆಂಚ್, ಜರ್ಮನ್ ಇವುಗಳಲ್ಲಿ ಒಂದನ್ನು ಆರಿಸಬಹುದಂತೆ.

“ಹಝ್ರತ್, ಅರಬಿ ತಗೋ ಅಂತ ನೀವೊಂದು ಮಾತು ಹೇಳಿ. ಓದಿದ ಹಾಗೂ ಆಗುತ್ತೆ, ಸವಾಬೂ ಸಿಗುತ್ತೆ” ಎಂದರು ತಂದೆ. “ಫ್ರೆಂಚಲ್ಲಿ ಮಾರ್ಕ್ಸ್ ಸಲೀಸಾಗಿ ಬರುತ್ತಂತೆ” ಎಂದರು ತಾಯಿ. ಮಗಳು ತಲೆ ತಗ್ಗಿಸಿಕೊಂಡೇ, “ನಂಗೆ ಜರ್ಮನ್ ಕಲೀಬೇಕು ಅಂತ ಆಸೆ. ಅದು ತಪ್ಪಾ ಹಝ್ರತ್?” ಎಂದು ಕೇಳಿದಳು.

ಒಂದೇ ಮನೆಯಲ್ಲಿ ಮೂರು ಅಭಿಪ್ರಾಯ. ಇದು ಆ ಒಂದು ಮನೆಯ ಪ್ರಶ್ನೆಯಲ್ಲ ಎಂದು ನಮಗೆ ಗೊತ್ತು. ಆದ್ದರಿಂದ ಇಂದು ಎಲ್ಲರ ಮುಂದೆ ಉತ್ತರಿಸುತ್ತಿದ್ದೇವೆ.

ಮೊದಲು ಮಗಳ ಪ್ರಶ್ನೆ. ತಪ್ಪಲ್ಲ ಮಗಳೇ. ಪವಿತ್ರ ಕುರ್‌ಆನಿನ ಅರ್‍ರೂಮ್ ಅಧ್ಯಾಯದ 22ನೇ ವಚನದಲ್ಲಿ ಮನುಷ್ಯರ ಭಾಷೆ ಮತ್ತು ಬಣ್ಣಗಳ ವೈವಿಧ್ಯವನ್ನು ಅಲ್ಲಾಹನು ತನ್ನ ನಿದರ್ಶನಗಳಲ್ಲಿ ಎಣಿಸಿದ್ದಾನೆ. ಅಲ್ಲಾಹನ ನಿದರ್ಶನವಾಗಿರುವ ಒಂದು ವಿಷಯವನ್ನು ಕಲಿಯುವುದು ದೀನಿಗೆ ಹೊರಗಿನದ್ದಾಗುವುದು ಹೇಗೆ?

ಝೈದ್ ಬಿನ್ ಸಾಬಿತ್(ರ)ರನ್ನು ನೆನಪಿಸಿಕೊಳ್ಳಿ. ಪ್ರವಾದಿ(ಸ)ರು ಮದೀನಾಕ್ಕೆ ಬಂದಾಗ ಅವರಿನ್ನೂ ಬಾಲಕ. ಯಹೂದಿಗಳಿಂದ ಬರುವ ಪತ್ರಗಳನ್ನು ಓದಲು, ಅವರಿಗೆ ಉತ್ತರ ಬರೆಯಲು ನಂಬಿಕಸ್ಥರೊಬ್ಬರು ಬೇಕಿತ್ತು. ಅವರ ಬರಹವನ್ನು ಕಲಿಯುವಂತೆ ಪ್ರವಾದಿ(ಸ)ರು ಝೈದ್‌ರಿಗೆ ಆಜ್ಞಾಪಿಸಿದರು. ಸುಮಾರು ಅರ್ಧ ತಿಂಗಳಲ್ಲಿ ಅವರು ಅದನ್ನು ಕಲಿತರು ಎಂದು ತಿರ್ಮಿದಿಯ ವರದಿಯಲ್ಲಿದೆ. ಮುಂದೆ ಯಮಾಮ ಯುದ್ಧದಲ್ಲಿ ಕುರ್‌ಆನ್ ಕಂಠಪಾಠ ಮಾಡಿದ್ದ ಅನೇಕರು ಹುತಾತ್ಮರಾದಾಗ, ಇಡೀ ಕುರ್‌ಆನನ್ನು ಒಂದೆಡೆ ಸಂಗ್ರಹಿಸುವ ಹೊಣೆಯನ್ನು ಖಲೀಫಾ ಅಬೂಬಕರ್(ರ)ರು ಯಾರಿಗೆ ಒಪ್ಪಿಸಿದರು? ಇದೇ ಝೈದ್‌ರಿಗೆ. ಪರರ ಭಾಷೆ ಕಲಿತದ್ದರಿಂದ ಅವರ ದೀನ್ ಸಡಿಲವಾಗಲಿಲ್ಲ. ಒಂದು ಅಮಾನತ್ತನ್ನು ಚೆನ್ನಾಗಿ ನಿಭಾಯಿಸಿದವರಿಗೆ ಅದಕ್ಕಿಂತ ದೊಡ್ಡ ಅಮಾನತ್ತು ಬಂತು.

ಇನ್ನು ತಂದೆಯ ಮಾತು. ಅರಬಿಯ ಮೇಲಿನ ಅವರ ಪ್ರೀತಿಯನ್ನು ಅಲ್ಲಾಹನು ಸ್ವೀಕರಿಸಲಿ. ಆದರೆ ನಮ್ಮದೇ ಒಂದು ಅನುಭವ ಹೇಳಬೇಕು. ನಾವು ಮದ್ರಸಾದಲ್ಲಿ ವರ್ಷಗಟ್ಟಲೆ ಅರಬಿ ವ್ಯಾಕರಣ ಓದಿದವರು. ಒಮ್ಮೆ ಸೌದಿಗೆ ಹೊರಟಿದ್ದ ಯುವಕನೊಬ್ಬ ಕೆಲಸದ ಕರಾರುಪತ್ರ ತಂದು, “ಓದಿ ಹೇಳಿ ಹಝ್ರತ್” ಎಂದ. ಅಕ್ಷರವೆಲ್ಲ ಓದಿದೆವು. ಸಂಬಳದ ಕಡಿತ, ನೋಟಿಸ್ ಅವಧಿ, ಪರಿಹಾರ ಎಂಬ ಕಡೆಗಳಲ್ಲಿ ತಡವರಿಸಿದೆವು. ಕೊನೆಗೆ ಗಲ್ಫ್‌ನ ಕಚೇರಿಯಲ್ಲಿ ದುಡಿದು ಬಂದವರೊಬ್ಬರು ಅರ್ಥ ಹೇಳಿದರು. ಸೌದಿಯ ಕಾರ್ಮಿಕ ಕಾನೂನಿನಲ್ಲಿ ಇಂಗ್ಲಿಷ್ ಪ್ರತಿಗೂ ಅರಬಿ ಪ್ರತಿಗೂ ವ್ಯತ್ಯಾಸ ಬಂದರೆ ನಿಲ್ಲುವುದು ಅರಬಿ ಪ್ರತಿಯೇ. ಅಂದು ನಮಗೆ ನಾಚಿಕೆಯಾಯಿತು, ಪಾಠವೂ ಆಯಿತು. ಕುರ್‌ಆನಿನ ಅರಬಿ, ಪತ್ರಿಕೆ-ಕಚೇರಿಗಳ ಅರಬಿ, ಗಲ್ಫ್‌ನ ಬೀದಿಯ ಆಡುಮಾತು ಇವುಗಳ ಬೇರು ಒಂದೇ ಆದರೂ ಕಲಿಕೆ ಬೇರೆ ಬೇರೆ.

ಆದ್ದರಿಂದ ಅರಬಿ ಆರಿಸುವವರು ಅದನ್ನು ಬರೀ ಬರಕತ್ತಿಗಾಗಿ ಅಲ್ಲ, ಒಂದು ವಿದ್ಯೆಯಾಗಿ ಕಲಿಯಿರಿ. ನಮಾಝಿನಲ್ಲಿ ಏನು ಓದುತ್ತೇವೆ ಎಂದು ತಿಳಿಯುವಷ್ಟು ಅರಬಿಯಂತೂ ಫ್ರೆಂಚ್ ಓದುವವರಿಗೂ ಬೇಕು, ಕ್ಯಾಬ್ ಓಡಿಸುವವರಿಗೂ ಬೇಕು. ಆ ಹೊಣೆ ನಮ್ಮ ಮನೆಯದ್ದು. ಅದನ್ನು ಕಾಲೇಜಿನ ಟೈಮ್‌ಟೇಬಲ್ ಮೇಲೆ ಹಾಕಿ ನಾವು ಕೈ ತೊಳೆದುಕೊಳ್ಳುವಂತಿಲ್ಲ.

ಮೂರನೆಯದು ತಾಯಿಯ ಮಾತು, ಮಾರ್ಕ್ಸು. ಬಡ ಮನೆಯ ಮಗುವಿಗೆ ಮಾರ್ಕ್ಸಿನ ಬೆಲೆ ಏನೆಂದು ನಮಗೆ ತಿಳಿದಿದೆ. ನಮ್ಮ ರಾಜ್ಯದ ಪಿಯು ಭಾಷೆಗಳ ಪಟ್ಟಿಯಲ್ಲಿ ಫ್ರೆಂಚ್ ಇದೆ, ಅರಬಿಯೂ ಇದೆ. ಆದರೆ ಪರೀಕ್ಷೆಗೆ ಬಾಯಿಪಾಠ ಮಾಡಿ, ಎರಡು ವರ್ಷದ ಬಳಿಕ ಒಂದು ವಾಕ್ಯವೂ ಆಡಲು ಬಾರದಿದ್ದರೆ ಕಲಿತದ್ದೇನು? ಯುರೋಪಿನ ಭಾಷೆಗಳ ಕಲಿಕೆಯನ್ನು ಎ1ರಿಂದ ಸಿ2ರವರೆಗೆ ಆರು ಮೆಟ್ಟಿಲಾಗಿ ಅಳೆಯುತ್ತಾರೆ. ಜಪಾನಿ ಭಾಷೆಗೆ ಎನ್5ರಿಂದ ಎನ್1ರವರೆಗೆ ಐದು ಮೆಟ್ಟಿಲು. ಜರ್ಮನಿಯಲ್ಲಿ ನರ್ಸ್ ಆಗಬೇಕಾದರೆ ಸಾಮಾನ್ಯವಾಗಿ ಬಿ2 ಕೇಳುತ್ತಾರೆ, ಅಂದರೆ ನಾಲ್ಕನೇ ಮೆಟ್ಟಿಲು. ಮೊದಲ ಮೆಟ್ಟಿಲಲ್ಲೇ ನಿಂತವರಿಗೆ ಮಾರ್ಕ್ಸ್ ಕಾರ್ಡ್ ಉಳಿಯುತ್ತದೆ, ಭಾಷೆ ಉಳಿಯುವುದಿಲ್ಲ. ಕೆಲವೇ ತಿಂಗಳಲ್ಲಿ ವಿದೇಶಕ್ಕೆ ಕಳುಹಿಸುತ್ತೇವೆ ಎನ್ನುವವರ ಮಾತು ನಂಬಿ ಬಡ್ಡಿ ಸಾಲಕ್ಕೆ ಕೈ ಹಾಕುವ ಮುನ್ನ ಈ ಮೆಟ್ಟಿಲುಗಳನ್ನು ಎಣಿಸಿ.

ಹಾಗಾದರೆ ಆರಿಸುವುದು ಹೇಗೆ? ಮೂರು ವಿಷಯ ನೋಡಿ. ಒಂದು, ಆ ಕಾಲೇಜಿನಲ್ಲಿ ಆ ಭಾಷೆಗೆ ಕಾಯಂ ಅಧ್ಯಾಪಕರು ಇದ್ದಾರೆಯೇ? ಹೋಗಿ ವಿಚಾರಿಸಿ. ಎರಡು, ಕಾಲೇಜು ಮುಗಿದ ಮೇಲೂ ಮುಂದುವರಿಸಲು ದಾರಿ ಇದೆಯೇ? ಜರ್ಮನ್ ಕಲಿಸುವ ಮ್ಯಾಕ್ಸ್ ಮುಲ್ಲರ್ ಭವನ ಇಂದಿರಾನಗರದಲ್ಲಿದೆ. 2023ರಿಂದ ನಮ್ಮ ಕಾಡುಗೋಡಿಗೆ ಬಂದಿರುವ ನೇರಳೆ ಮಾರ್ಗದ ಮೆಟ್ರೋ ಅಲ್ಲಿಗೆ ನೇರವಾಗಿ ಹೋಗುತ್ತದೆ. ಫ್ರೆಂಚ್‌ಗೆ ವಸಂತನಗರದಲ್ಲಿ ಅಲಿಯಾನ್ಸ್ ಫ್ರಾನ್ಸೇಸ್ ಇದೆ. ಶುಲ್ಕ ಎಷ್ಟೆಂದು ಮೊದಲೇ ಕೇಳಿಕೊಳ್ಳಿ. ಮೂರು, ಆ ಭಾಷೆ ನಿಮ್ಮ ಕಸುಬಿನ ಜೊತೆ ಸೇರುತ್ತದೆಯೇ? ಎಸ್‌ಎಪಿ, ಮರ್ಸಿಡಿಸ್-ಬೆಂಝ್‌ನಂಥ ಜರ್ಮನ್ ಕಂಪನಿಗಳ ಕೇಂದ್ರಗಳು ನಮ್ಮ ವೈಟ್‌ಫೀಲ್ಡ್‌ನಲ್ಲೇ ಇವೆ. ಹಾಗೆಂದು ಜರ್ಮನ್ ಬಂದ ಮಾತ್ರಕ್ಕೆ ಅಲ್ಲಿ ಕೆಲಸ ಸಿಗುವುದಿಲ್ಲ. ಲೆಕ್ಕಪತ್ರವನ್ನೋ ಕಂಪ್ಯೂಟರನ್ನೋ ಚೆನ್ನಾಗಿ ಬಲ್ಲವರು ಭಾಷೆಯನ್ನೂ ಬಲ್ಲರೆ ಅದಕ್ಕೆ ಬೆಲೆ.

ಹೊಸ ಭಾಷೆಗೆ ನಮ್ಮ ಮಕ್ಕಳು ಹೆದರಬೇಕಿಲ್ಲ. ಮನೆಯಲ್ಲಿ ದಖ್ಖನಿಯೋ ಬ್ಯಾರಿಯೋ, ಶಾಲೆಯಲ್ಲಿ ಕನ್ನಡ, ಇಂಗ್ಲಿಷ್, ಮದ್ರಸಾದಲ್ಲಿ ಅರಬಿ ಅಕ್ಷರ. ಅವರು ಆಗಲೇ ನಾಲ್ಕು ದಾರಿ ನಡೆದವರು. ಆದರೆ ಐದನೆಯದು ಬಂತೆಂದು ಕನ್ನಡವನ್ನು ಕಳೆದುಕೊಳ್ಳಬೇಡಿ. ಪ್ರತಿಯೊಬ್ಬ ಪ್ರವಾದಿಯನ್ನೂ ಅವರ ಜನರ ಭಾಷೆಯಲ್ಲೇ ಕಳುಹಿಸಿದ್ದಾಗಿ ಇಬ್ರಾಹೀಮ್ ಅಧ್ಯಾಯದ 4ನೇ ವಚನದಲ್ಲಿ ಅಲ್ಲಾಹನು ತಿಳಿಸಿದ್ದಾನೆ. ನೆರೆಯವರ ಕಷ್ಟ ಕೇಳಲು, ನಮ್ಮ ಕಷ್ಟ ಹೇಳಲು ಇಲ್ಲಿ ಬೇಕಾದದ್ದು ಕನ್ನಡ.

ಕೊನೆಯದಾಗಿ, ತಂದೆ-ತಾಯಂದಿರೇ, ಸಮಾಲೋಚನೆಯಿಂದ ಕೆಲಸ ನಡೆಸುವವರನ್ನು ಕುರ್‌ಆನ್ ಪ್ರಶಂಸಿಸಿದೆ. ಆ ಸಮಾಲೋಚನೆಯಲ್ಲಿ ಮಗಳಿಗೂ ಒಂದು ಮಾತಿರಲಿ, ಓದಬೇಕಾದವಳು ಅವಳು. ಆ ಕುಟುಂಬಕ್ಕೆ ನಮ್ಮ ಸಲಹೆ ಇಷ್ಟೇ: ಮಗಳು ಈ ಮೂರು ವಿಷಯ ವಿಚಾರಿಸಿ ಬರಲಿ. ಸರಿಯೆನಿಸಿದರೆ ಜರ್ಮನ್ ಕಲಿಯಲಿ. ಫಜ್ರ್ ಬಳಿಕ ಅರ್ಧ ಗಂಟೆ ತಂದೆ, ತಾಯಿ, ಮಗಳು ಮೂವರೂ ಕೂತು ಕುರ್‌ಆನಿನ ಅರಬಿ ಕಲಿಯಲಿ. ಆ ಪಾಠ ಹೇಳಿಕೊಡಲು ನಾವು ಸಿದ್ಧ. ಕಚೇರಿಯ ಅರಬಿಯನ್ನು ನಾವೂ ಈಗ ಕಲಿಯಲು ಕೂತಿದ್ದೇವೆ.

ನಮ್ಮ ಮಕ್ಕಳ ನಾಲಿಗೆಯಲ್ಲಿ ಸತ್ಯವನ್ನೂ, ಅವರ ವಿದ್ಯೆಯಲ್ಲಿ ಇತರರಿಗೆ ಉಪಕಾರವನ್ನೂ ಅಲ್ಲಾಹನು ಇರಿಸಲಿ. ಆಮೀನ್.