ಚಳಿಗೆ ಗಾಡಿ ಚಾಲೂ ಆಗವಲ್ದಾ? ಮೊದಲು ಸಪ್ಪಳ ಕೇಳ್ರಿ

ನವನಗರದಿಂದ ಮಾತಾಡಾಕತ್ತೀನಿ. ಡಿಸೆಂಬರ್, ಜನವರಿ ಬಂತಂದ್ರ ನಮ್ಮ ಸೆಕ್ಟರ್‌ಗಳಾಗ ಮುಂಜಾನೆ ಒಂದು ಸಪ್ಪಳ ಕೇಳಸ್ತದ. ಯಾರದೋ ಹಳೆಯ ಕಾರು ಖರ್ರ್... ಖರ್ರ್... ಅಂತದ, ಹತ್ತಂಗಿಲ್ಲ. ಆಮೇಲೆ ನಾಲ್ಕು ಮಂದಿ ಬಂದು ತಳ್ತಾರ. ಇವತ್ತು ಆ ಸಪ್ಪಳದ ಬಗ್ಗೆ ಮಾತಾಡೋಣು.

ನಾ ಮೆಕ್ಯಾನಿಕ್ ಅಲ್ಲ, ಓದಿದ್ದು ಬಿ.ಕಾಂ. ಆದರೆ ನಮ್ಮ ಓಣಿಯ ಕಾಕಾ ಒಬ್ಬರ ಮಾರುತಿ 800 ಹಿಂದೆ ಈ ಚಳಿಗಾಲ ಹದಿನೈದು ದಿನ ಓಡಾಡಿದೀನಿ. 1997ರ ಮಾಡೆಲ್, ಕಾರ್ಬ್ಯುರೇಟರ್ ಗಾಡಿ. ಹಳೆ ಬಾಗಲಕೋಟೆಯ ಮನೆ ಆಲಮಟ್ಟಿ ಹಿನ್ನೀರಿಗೆ ಹೋದಾಗ ಬಂದ ಪರಿಹಾರದ ರೊಕ್ಕದಾಗ ಉಳಿದದ್ದು ಕೂಡಿಸಿ, ಸೆಕೆಂಡ್ ಹ್ಯಾಂಡ್ ತಗೊಂಡದ್ದು. ಮುಳುಗಡೆ ಮಂದಿಗೆ ಇಂಥ ವಸ್ತುಗಳ ಮ್ಯಾಲೆ ಎಂಥಾ ಜೀವ ಇರ್ತದ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಗ್ಯಾರೇಜಿನವರು ಹೇಳಿದ್ದು ಇಷ್ಟು: "ಬೋರ್ ಸವದೈತ್ರಿ, ಇಂಜಿನ್ ಬಿಚ್ಚಬೇಕು. 28,000 ಆಗತೈತಿ. ಇಲ್ಲಾಂದ್ರ ಗುಜರಿಗೆ ಕೊಡ್ರಿ."

ಲೆಕ್ಕ ಇಲ್ಲಿಂದ ಶುರು. 2022ರ ಏಪ್ರಿಲ್‌ನಿಂದ 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣದ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತು. 2025ರ ಆಗಸ್ಟ್‌ನಾಗ 20 ವರ್ಷ ದಾಟಿದ ಕಾರಿಗೆ 10,000 ಮಾಡಿದರು. ಕಾಕಾನ ಗಾಡಿಯ ಮುಂದಿನ ನವೀಕರಣ 2027ಕ್ಕೆ. 28,000 ಹಾಕಿ, ಮತ್ತೆ 10,000 ಕಟ್ಟೋದಾದ್ರ ಗಾಡಿಯ ಬೆಲೆಯೇ ಅಷ್ಟು ಬರಂಗಿಲ್ಲ. ಹಂಗಾಗಿ ರೋಗ ಏನು ಅನ್ನೋದು ಮೊದಲು ಖಾತ್ರಿ ಆಗಬೇಕಿತ್ತು.

ಒಂದು ಮಾತು ನೆನಪಿಡ್ರಿ. ನಮ್ಮ ಕಡೆ ಚಳಿ ಅಂದ್ರ ಹಿಮ ಬೀಳೋ ಚಳಿ ಅಲ್ಲ. ಗಟ್ಟಿ ಇರೋ ಗಾಡಿ ನಮ್ಮ ಚಳಿಗೆ ನಿಲ್ಲಂಗಿಲ್ಲ. ಮೊದಲೇ ಯಾವುದೋ ಒಂದು ಭಾಗ ಸೋತಿರ್ತದ, ಬ್ಯಾಸಿಗ್ಯಾಗ ಅದು ಮುಚ್ಚಿ ಹೋಗಿರ್ತದ. ರಾತ್ರಿಯೆಲ್ಲಾ ತಣ್ಣಗಾದ ಇಂಜಿನ್‌ದಾಗ ಆಯಿಲ್ ದಪ್ಪ ಆಗ್ತದ, ಬ್ಯಾಟರಿಯ ಒಳಗಿನ ರಾಸಾಯನಿಕ ಕ್ರಿಯೆ ನಿಧಾನ ಆಗ್ತದ, ಪೆಟ್ರೋಲ್ ಸರಿಯಾಗಿ ಆವಿ ಆಗಂಗಿಲ್ಲ. ಈ ಮೂರೂ ಒಮ್ಮೆಲೆ ಬಂದಾಗ ಸೋತ ಭಾಗ ಕೈ ಎತ್ತತದ.

ಈಗ ಸಪ್ಪಳಕ್ಕೆ ಬರೋಣು. ಕೀ ತಿರುವಿದಾಗ ಇಂಜಿನ್ ಮೆಲ್ಲಗೆ, ಜಡ ಹಿಡಿದಂಗ ತಿರುಗ್ತದೋ, ಅಥವಾ ಚುರುಕಾಗಿ ತಿರುಗಿಯೂ ಹೊತ್ತಕೊಳ್ಳಂಗಿಲ್ಲವೋ? ಇವೆರಡೂ ಬ್ಯಾರೆ ಬ್ಯಾರೆ ರೋಗ. ಮೊದಲನೇದು ಕರೆಂಟಿನ ಕಡೆ: ಬ್ಯಾಟರಿ, ಕೇಬಲ್, ಸ್ಟಾರ್ಟರ್. ಎರಡನೇದು ಪೆಟ್ರೋಲ್, ಕಿಡಿ ಅಥವಾ ಕಂಪ್ರೆಷನ್.

ಚುರುಕಾಗಿ ತಿರುಗೋ ಕಾರ್ಬ್ಯುರೇಟರ್ ಗಾಡಿಯಾಗ ನಾ ಮೊದಲು ನೋಡೋದು ಚೋಕ್. ವೈರ್ ತುಕ್ಕು ಹಿಡಿದು, ನೀವು ಪೂರ್ತಿ ಎಳೆದ್ರೂ ಒಳಗಿನ ಮುಚ್ಚಳ ಅರ್ಧಕ್ಕೆ ನಿಂತಿರ್ತದ. ಏರ್ ಫಿಲ್ಟರ್ ತೆಗೆದು ಕಣ್ಣಿಂದ ನೋಡ್ರಿ, ಒಬ್ಬರು ಎಳೀರಿ, ಒಬ್ಬರು ನೋಡ್ರಿ. ಮುಂಜಾನೆ ಮೊದಲ ಸಲ ಮಾತ್ರ ಬಹಳ ಹೊತ್ತು ತಿರುವಬೇಕು, ಆಮೇಲೆ ದಿನವಿಡೀ ಆರಾಮ ಅಂದ್ರ, ರಾತ್ರಿ ಪೆಟ್ರೋಲ್ ಪಂಪಿನಿಂದ ಹಿಂದಕ್ಕೆ ಇಳಿದಿರಬಹುದು. ಪೆಟ್ರೋಲ್ ವಾಸನಿ ಗಪ್ಪಂತ ಬಂತಂದ್ರ ಉಲ್ಟಾ, ಪ್ಲಗ್ ತೊಯ್ದಾವ. ಚೋಕ್ ಒಳಗ ಹಾಕಿ, ಎಕ್ಸಲೇಟರ್ ಪೂರ್ತಿ ಒತ್ತಿ ಹಿಡಿದು ತಿರುವ್ರಿ.

ಎಂಪಿಎಫ್‌ಐ ಗಾಡಿಗೆ ಎಕ್ಸಲೇಟರ್ ಪಂಪ್ ಮಾಡಿದ್ರ ಏನೂ ಉಪಯೋಗ ಇಲ್ಲ. ಕೀ ಆನ್ ಮಾಡಿ ಎರಡು ಸೆಕೆಂಡ್ ಕಾಯ್ರಿ, ಹಿಂದೆ ಪಂಪಿನ ಗುಂಯ್ ಸಪ್ಪಳ ಬರಬೇಕು. ಅದರಾಗ ನೀರಿನ ಬಿಸಿ ಅಳೆಯೋ ಸೆನ್ಸರ್ ಕೆಟ್ಟು, ಇಂಜಿನ್ ಬಿಸಿ ಅದ ಅಂತ ಸುಳ್ಳು ಹೇಳಿದರೂ ಪೆಟ್ರೋಲ್ ಕಡಿಮೆ ಹೋಗ್ತದ. ಡೀಸೆಲ್ ಗಾಡಿ, ಇಂಡಿಕಾ, ಸುಮೋ ಇದ್ದವರು ಹೀಟರ್ ಪ್ಲಗ್ ಒಂದೊಂದಾಗಿ ಚೆಕ್ ಮಾಡಸ್ರಿ. ಬಿಳಿ ಹೊಗಿ ಬಂದ್ರ ಡೀಸೆಲ್ ಹೋಗ್ತದ, ಸುಡವಲ್ದು ಅಂತ ಅರ್ಥ.

ಕಾಕಾನ ಗಾಡಿ ಮೆಲ್ಲಗೆ ತಿರುಗೋ ಜಾತಿ. ಬ್ಯಾಟರಿ ಹಾಕಿ ಎಂಟೇ ತಿಂಗಳು, ಮೀಟರ್ ಇಟ್ಟರೆ 12.6 ವೋಲ್ಟ್. "ಬ್ಯಾಟರಿ ಚಲೋ ಐತಿ ತಮ್ಮಾ, ಅದಕ್ಕಾ ಇಂಜಿನ್ ಅಂದಾರ" ಅಂದರು ಕಾಕಾ. ಆದರೆ ತಳ್ಳಿದರೆ ಗಾಡಿ ಎರಡೇ ಹೆಜ್ಜೆಗೆ ಹತ್ತತಿತ್ತು. ಇದನ್ನ ಯಾರೂ ಲಕ್ಷ್ಯಕ್ಕೆ ತಗೊಂಡಿರಲಿಲ್ಲ. ಬೋರ್ ಅಷ್ಟು ಸವೆದಿದ್ದರೆ ತಳ್ಳಿದರೂ ಇಷ್ಟು ಸಲೀಸಾಗಿ ಹತ್ತೋದು ಅನುಮಾನ. ಹತ್ತುಗಂಟೆ ಬಿಸಿಲಿಗೆ ಕೀ ಕೊಟ್ಟರೂ ಹತ್ತತಿತ್ತು, ಆಯಿಲ್ ತೆಳ್ಳಗಾಗಿರ್ತದಲ್ಲ.

ಇಲ್ಲಿ ಬೇಕಾದದ್ದು ಬಹಳ ತುಟ್ಟಿ ಇಲ್ಲದ ಮಲ್ಟಿಮೀಟರ್ ಒಂದೇ. ಒಂದು ವೈರ್ ಬ್ಯಾಟರಿಯ ಮೈನಸ್ ತುದಿಗೆ, ಇನ್ನೊಂದು ನೇರ ಇಂಜಿನ್ನಿನ ಕಬ್ಬಿಣಕ್ಕೆ ಹಿಡಿದು, ಒಬ್ಬರು ಕೀ ತಿರುವಬೇಕು. ಅರ್ಥಿಂಗ್ ಚಲೋ ಇದ್ದರೆ 0.2, ಬಹಳ ಅಂದ್ರ 0.3 ವೋಲ್ಟ್ ತೋರಸ್ತದ. ನಮಗೆ ಬಂದದ್ದು ಒಂದೂವರೆ ವೋಲ್ಟ್ ಹತ್ರ. ಇಂಜಿನ್‌ಗೆ ಹೋಗೋ ಅರ್ಥ್ ಪಟ್ಟಿ ಬುಡದಾಗ ಹಸಿರು ಗಟ್ಟಿ, ಎಳಿ ಅರ್ಧ ಹರಿದಿದ್ದವು. ಬ್ಯಾಟರಿಯಾಗ ಕರೆಂಟ್ ಅದ, ಸ್ಟಾರ್ಟರ್‌ಗೆ ಮುಟ್ಟವಲ್ದು, ಕಿಡಿ ಹೊಡಿಯೋ ಕಾಯಿಲ್‌ಗೂ ಪೂರ್ತಿ ಸಿಗವಲ್ದು. ಪಟ್ಟಿ, ಎರಡು ಬೋಲ್ಟು, ಉಪ್ಪುಕಾಗದ, ಎಲ್ಲಾ ಸೇರಿ ನಾಲ್ಕು ನೂರು ರೂಪಾಯಿ ಒಳಗೆ ಮುಗೀತು.

ಆದರೂ ಕಾಕಾನ ಸಮಾಧಾನಕ್ಕೆ ಬ್ಯಾರೆ ಕಡೆ ಕಂಪ್ರೆಷನ್ ಅಳತಿ ಮಾಡಿಸಿದ್ವಿ. ಮೂರೂ ಸಿಲಿಂಡರ್ ಹೆಚ್ಚುಕಡಿಮೆ ಒಂದೇ ಸಮ. ನಿಮಗೂ ಯಾರಾದರೂ ಬೋರ್ ಹೋಗೈತಿ ಅಂದ್ರ, "ಗೇಜ್ ಇಟ್ಟು ನೋಡಿದ್ರ್ಯಾ?" ಅಂತ ಕೇಳ್ರಿ. ಕಡಿಮೆ ಬಂದ್ರ ಸಿಲಿಂಡರ್‌ದಾಗ ಒಂದು ಚಮಚ ಆಯಿಲ್ ಹಾಕಿ ಮತ್ತೆ ಅಳೀಬೇಕು. ಏರಿದ್ರ ರಿಂಗ್, ಏರಲಿಲ್ಲಾಂದ್ರ ವಾಲ್ವ್. ಅಳತಿ ಇಲ್ಲದ ಎಸ್ಟಿಮೇಟಿಗೆ ಅಡ್ವಾನ್ಸ್ ಕೊಡಬ್ಯಾಡ್ರಿ.

ಇನ್ನು ಕೆಲವರು ಎಥೆನಾಲ್ ಪೆಟ್ರೋಲ್ ಮ್ಯಾಲೆ ಹಾಕ್ತಾರ. ನಮ್ಮ ಜಿಲ್ಲೆ ಕಬ್ಬಿನ ಜಿಲ್ಲೆ, ಈ ಮಾತು ಇಲ್ಲಿ ಸೂಕ್ಷ್ಮ! ಎಥೆನಾಲ್ ಆವಿ ಆಗಾಕ ಪೆಟ್ರೋಲ್‌ಗಿಂತ ಹೆಚ್ಚು ಶಾಖ ಬೇಕು ಅನ್ನೋದು ಖರೇ. ಹಳೆಯ ಗಾಡಿಯ ರಬ್ಬರ್ ಪೈಪು ಅದಕ್ಕಂತ ಮಾಡಿದ್ದಲ್ಲ, ಬಿರುಕು ಬಿಟ್ಟಾವೇನು ಅಂತ ನೋಡಕೋತ ಇರ್ರಿ. ಆದರೆ ಸ್ಟಾರ್ಟರ್ ಮೆಲ್ಲಗೆ ತಿರುಗಾಕ ಎಥೆನಾಲ್ ಕಾರಣ ಅಲ್ಲ.

ಕೀ ಐದಾರು ಸೆಕೆಂಡಿಗಿಂತ ಹೆಚ್ಚು ತಿರುವಿ ಹಿಡೀಬ್ಯಾಡ್ರಿ, ನಡುವೆ ಅರ್ಧ ನಿಮಿಷ ಬಿಡ್ರಿ, ಇಲ್ಲಾಂದ್ರ ಸ್ಟಾರ್ಟರ್ ಸುಡ್ತದ. 10,000 ಕಟ್ಟೋದೋ ಬ್ಯಾಡೋ ಅಂತ ಕಾಕಾ ಇನ್ನೂ ವಿಚಾರ ಮಾಡಾಕತ್ತಾರ. ನಿಮ್ಮ ಗಾಡಿ ಮುಂಜಾನೆ ಬ್ಯಾರೆ ತರಹ ಕೂಗತಿದ್ರ ಮೊಬೈಲ್‌ದಾಗ ಸಪ್ಪಳ ರೆಕಾರ್ಡ್ ಮಾಡಿ ಕಳಸ್ರಿ. ಗಾಡಿ ಯಾವುದು, ಎಷ್ಟನೇ ಇಸವಿ, ತಳ್ಳಿದರೆ ಹತ್ತತದೋ ಇಲ್ಲೋ ಅನ್ನೋದನ್ನೂ ಹೇಳ್ರಿ.