ನಾಯಿಗೆ ಮೂರ್ಛೆ ಬಂದಾಗ

ನಡುರಾತ್ರಿ ಏನೋ ಸದ್ದಾಗಿ ನೀವು ಎದ್ದು ನೋಡುತ್ತೀರಿ. ಸಾಕಿದ ನಾಯಿ ನೆಲಕ್ಕೆ ಬಿದ್ದಿದೆ. ಕಾಲುಗಳು ಸೆಟೆದುಕೊಂಡು ಒದ್ದಾಡುತ್ತಿವೆ, ಬಾಯಲ್ಲಿ ನೊರೆ. ಎರಡು ನಿಮಿಷಗಳಲ್ಲಿ ಎಲ್ಲವೂ ನಿಲ್ಲುತ್ತದೆ. ಎದ್ದ ಮೇಲೂ ಸ್ವಲ್ಪ ಹೊತ್ತು ಅದಕ್ಕೆ ಮನೆಯವರ ಗುರುತು ಸಿಗುವುದಿಲ್ಲ. ಇದೇ ಮೂರ್ಛೆ.

ಇಂತಹ ಸಮಯದಲ್ಲಿ ಮೊದಲು ಗಡಿಯಾರ ನೋಡಿ. ಹತ್ತಿರದ ಕುರ್ಚಿ, ಮೇಜುಗಳನ್ನು ಸರಿಸಿ; ದೀಪ, ಟಿ.ವಿ. ಆರಿಸಿ. ನಾಯಿ ತನ್ನ ನಾಲಿಗೆಯನ್ನು ನುಂಗುವುದಿಲ್ಲ, ಆದ್ದರಿಂದ ಬಾಯಿಗೆ ಕೈ ಹಾಕಬೇಡಿ. ನೀರು ಕುಡಿಸುವುದು, ಈರುಳ್ಳಿ ಮೂಸಿಸುವುದು, ಬೀಗದ ಕೈ ಒತ್ತುವುದು, ಇವುಗಳಿಂದ ಉಪಯೋಗವಿಲ್ಲ. ಸೆಳೆತ 5 ನಿಮಿಷ ಮೀರಿದರೆ ಅಥವಾ 24 ಗಂಟೆಯೊಳಗೆ ಮತ್ತೆ ಬಂದರೆ ತಡಮಾಡದೆ ಪಶುವೈದ್ಯರಲ್ಲಿಗೆ ಒಯ್ಯಿರಿ.

ಒಂದು ಎಚ್ಚರಿಕೆ. ಲಸಿಕೆ ಹಾಕಿಸದ ನಾಯಿಯಾದರೆ ಅದು ರೇಬೀಸ್ ಕೂಡ ಆಗಿರಬಹುದು. ಅದರ ಜೊಲ್ಲನ್ನು ಮುಟ್ಟಬೇಡಿ. ಕಚ್ಚಿದ್ದರೆ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಕೂಡಲೇ ಆಸ್ಪತ್ರೆಗೆ ಹೋಗಿ.

ಮೂರ್ಛೆ ಬಂದ ನಾಯಿಗಳಿಗೆಲ್ಲ ಅಪಸ್ಮಾರವೇ ಇರುತ್ತದೆ ಎನ್ನುವಂತಿಲ್ಲ. ವಿಷ, ಡಿಸ್ಟೆಂಪರ್, ಯಕೃತ್ತಿನ ತೊಂದರೆ, ರಕ್ತದಲ್ಲಿ ಸಕ್ಕರೆ ಇಳಿಯುವುದು, ಇವೂ ಕಾರಣವಾಗಬಹುದು. ಆದ್ದರಿಂದ ರಕ್ತಪರೀಕ್ಷೆ ಅಗತ್ಯ. ಬೇರೆ ಕಾರಣ ಕಾಣದೆ, 6 ತಿಂಗಳಿಂದ 6 ವರ್ಷದೊಳಗೆ ಮೊದಲ ಬಾರಿ ಬಂದಿದ್ದರೆ ಅಪಸ್ಮಾರವೆಂದು ಶಂಕಿಸುತ್ತಾರೆ. ಲ್ಯಾಬ್ರಡಾರ್, ಜರ್ಮನ್ ಷೆಪರ್ಡ್ ತಳಿಗಳಲ್ಲಿ ಇದು ವಂಶಪಾರಂಪರ್ಯವಾಗಿಯೂ ಬರುತ್ತದೆ. ಅಂತಹ ನಾಯಿಯಿಂದ ಮರಿ ಮಾಡಿಸಬೇಡಿ.

6 ತಿಂಗಳಲ್ಲಿ ಎರಡು ಬಾರಿ ಬಂದರೆ ಸಾಮಾನ್ಯವಾಗಿ ಔಷಧಿ ಆರಂಭಿಸುತ್ತಾರೆ. ಹೆಚ್ಚಾಗಿ ಕೊಡುವುದು ಫಿನೋಬಾರ್ಬಿಟೋನ್, 12 ಗಂಟೆಗೊಮ್ಮೆ. ಮೊದಲ ಕೆಲವು ವಾರ ನಾಯಿ ಮಂಕಾಗಬಹುದು. ಹಸಿವು, ಬಾಯಾರಿಕೆ ಹೆಚ್ಚಬಹುದು. ಯಕೃತ್ತಿನ ಮೇಲೆ ಪರಿಣಾಮವಾಗಬಹುದಾದ್ದರಿಂದ ಆಗಾಗ್ಗೆ ರಕ್ತಪರೀಕ್ಷೆ ಮಾಡಿಸಬೇಕು.

ಬಹಳ ಮಂದಿ ತಪ್ಪುವುದು ಇಲ್ಲಿಯೇ. ಮೂರು ತಿಂಗಳು ಸೆಳೆತ ಬರಲಿಲ್ಲವೆಂದರೆ 'ವಾಸಿಯಾಯಿತು' ಎಂದು ಮಾತ್ರೆ ನಿಲ್ಲಿಸಿಬಿಡುತ್ತಾರೆ. ಸೆಳೆತ ಬಾರದಿರುವುದು ಆ ಮಾತ್ರೆಯಿಂದಲೇ. ಥಟ್ಟನೆ ನಿಲ್ಲಿಸಿದರೆ ಬಿಡದೆ ಸೆಳೆತ ಬಂದು ಪ್ರಾಣಕ್ಕೇ ಅಪಾಯವಾದೀತು. ಊರಿಗೆ ಹೋಗುವಾಗಲೂ ಮಾತ್ರೆ ಕೊಡುವ ಹೊಣೆಯನ್ನು ಯಾರಿಗಾದರೂ ವಹಿಸಿ ಹೋಗಿ.

ಒಂದು ನೋಟ್‌ಬುಕ್ ಇಡಿ. ಸೆಳೆತ ಬಂದ ದಿನ, ಹೊತ್ತು, ಎಷ್ಟು ನಿಮಿಷ ಎಂದು ಬರೆಯಿರಿ. ವೈದ್ಯರು ಔಷಧಿಯ ಪ್ರಮಾಣ ನಿರ್ಧರಿಸಲು ಅದು ನೆರವಾಗುತ್ತದೆ. ಈ ರೋಗ ಬಂದಿತೆಂದು ನಾಯಿಯನ್ನು ಬೀದಿಗೆ ಬಿಡಬೇಡಿ. ಹೊತ್ತಿಗೆ ಸರಿಯಾಗಿ ಮಾತ್ರೆ ಸಿಕ್ಕರೆ ಅಂತಹ ಎಷ್ಟೋ ನಾಯಿಗಳು ವರ್ಷಗಟ್ಟಲೆ ನೆಮ್ಮದಿಯಾಗಿ ಬಾಳುತ್ತವೆ.