ಎಳೆಯುವ ಬಲ, ತಡೆಯುವ ಬಲ

ಯಂತ್ರದ ಬಲವನ್ನು ಅಳೆಯುವಾಗ ನಾವು ‘ಅಶ್ವಶಕ್ತಿ’ ಎನ್ನುತ್ತೇವೆ. ತನ್ನ ಉಗಿಯಂತ್ರ ಎಷ್ಟು ಕುದುರೆಗಳ ಕೆಲಸ ಮಾಡಬಲ್ಲದೆಂದು ಕೊಳ್ಳುವವರಿಗೆ ಮನಗಾಣಿಸಲು ಹದಿನೆಂಟನೆಯ ಶತಮಾನದಲ್ಲಿ ಜೇಮ್ಸ್ ವಾಟ್ ಹಾಕಿಕೊಟ್ಟ ಲೆಕ್ಕ ಅದು. ಇಂದು ಅಮೆರಿಕದ ಹೆದ್ದಾರಿಗಳಲ್ಲಿ ಈ ಮಾತು ತಿರುವುಮುರುವಾಗಿರುವುದನ್ನು ಕಾಣಬಹುದು. ಅಲ್ಲಿ ಕುದುರೆ ಗಾಡಿಯನ್ನು ಎಳೆಯುವುದಿಲ್ಲ. ತಾನೇ ಗಾಡಿಯಲ್ಲಿ ನಿಂತು ಪ್ರಯಾಣ ಮಾಡುತ್ತದೆ. ಅದನ್ನು ಎಳೆಯುವುದು ಪಿಕಪ್ ಎಂಬ ಮೋಟಾರು.

ಕುದುರೆ ಸಾಕಿದ ಸಾಮಾನ್ಯ ಸಂಸಾರಸ್ಥರಲ್ಲಿ ಹಳೆಯ ಡೀಸೆಲ್ ಪಿಕಪ್ಪನ್ನು ಜತನದಿಂದ ಉಳಿಸಿಕೊಂಡವರುಂಟು. 1989ರ ಮಾದರಿಯಿಂದ ಡಾಡ್ಜ್ ಪಿಕಪ್ಪುಗಳಿಗೆ ಕಮಿನ್ಸ್ ಸಂಸ್ಥೆಯ 5.9 ಲೀಟರಿನ ಡೀಸೆಲ್ ಎಂಜಿನ್ ಬಂದಿತು. ಅದರ ಬಲ 160 ಅಶ್ವಶಕ್ತಿ ಮಾತ್ರ; ಆದರೂ ನಿಧಾನವಾಗಿ ತಿರುಗುತ್ತಲೇ ದೊಡ್ಡ ಭಾರವನ್ನು ಎಳೆಯುವ ಗುಣ ಅದಕ್ಕಿದೆ. ‘ನನ್ನ ಗಾಡಿ ಏನನ್ನಾದರೂ ಎಳೆದೀತು’ ಎಂದು ಒಡೆಯನು ಹೆಮ್ಮೆಪಟ್ಟರೆ ತಪ್ಪೇನಿಲ್ಲ. ಆದರೆ ಆ ಮಾತು ಅರ್ಧ ಸತ್ಯ.

ಲೆಕ್ಕ ಮಾಡಿ ನೋಡೋಣ. ಒಂದೊಂದೂ 500 ಕಿಲೊ ತೂಗುವ ಎರಡು ಕುದುರೆಗಳು. 1,500 ಕಿಲೊ ತೂಕದ ಟ್ರೇಲರು. ಹುಲ್ಲು, ನೀರು, ಜೀನು ಎಲ್ಲ ಸೇರಿ 200 ಕಿಲೊ. ಒಟ್ಟು 2,700 ಕಿಲೊ ಆಯಿತು. ಪಿಕಪ್ಪಿನ ತೂಕವೂ ಅಷ್ಟೇ ಎಂದಿಟ್ಟುಕೊಳ್ಳಿ. ಈಗ ನೀವು ಕೊಲೊರಾಡೊ ಪ್ರಾಂತದಲ್ಲಿ, 1973ರಲ್ಲಿ ತೆರೆದ ಐಸೆನ್‌ಹೋವರ್ ಸುರಂಗದಿಂದ ಪಶ್ಚಿಮಕ್ಕೆ ಹೊರಬಂದಿದ್ದೀರಿ. ಎತ್ತರ ಸುಮಾರು 3,400 ಮೀಟರು. ಮುಂದೆ ನೂರಕ್ಕೆ ಏಳರ ಇಳಿಜಾರು. ನಮ್ಮ ಲೆಕ್ಕದ 5,400 ಕಿಲೊ ಭಾರವನ್ನು ಅಲ್ಲಿ ಸುಮಾರು 380 ಕಿಲೊ ತೂಕದಷ್ಟು ಬಲ ಕೆಳಕ್ಕೆ ಬಿಡದೆ ಸೆಳೆಯುತ್ತಿರುತ್ತದೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತೆಂಬ ಗಾದೆಯಂತೆ, ಚಾಲಕ ನಿಲ್ಲಬೇಕೆನ್ನುತ್ತಾನೆ, ಭಾರ ಓಡಬೇಕೆನ್ನುತ್ತದೆ. ಬ್ರೇಕು ಕೈಕೊಟ್ಟ ಲಾರಿಗಳು ನುಗ್ಗಿ ನಿಲ್ಲಲೆಂದು ಆ ದಾರಿಯ ಪಕ್ಕದಲ್ಲಿ ಏರುಹಾದಿಗಳನ್ನೇ ಕಟ್ಟಿದ್ದಾರೆ.

ಇಲ್ಲಿ ಹಳೆಯ ಡೀಸೆಲ್ಲಿನ ಒಂದು ಕೊರತೆಯನ್ನು ತಿಳಿದಿರಬೇಕು. ಪೆಟ್ರೋಲ್ ಎಂಜಿನ್ನಿನಲ್ಲಿ ಪೆಡಲಿನಿಂದ ಕಾಲು ತೆಗೆದೊಡನೆ ಗಾಳಿಯ ದಾರಿ ಮುಚ್ಚಿಕೊಂಡು ಎಂಜಿನ್ನೇ ಗಾಡಿಯನ್ನು ಹಿಡಿಯುತ್ತದೆ. ಡೀಸೆಲ್ಲಿನಲ್ಲಿ ಸಾಮಾನ್ಯವಾಗಿ ಹಾಗೆ ಮುಚ್ಚುವ ಕದವಿಲ್ಲ. ಆದ್ದರಿಂದ ಹಿಡಿತ ಕಡಿಮೆ. ಹೊಗೆಯ ದಾರಿಯನ್ನು ಕಿರಿದು ಮಾಡಿ ಹಿಡಿತ ಕೊಡುವ ಸಾಧನವನ್ನು ಕೆಲವರು ಬೇರೆಯಾಗಿ ಜೋಡಿಸಿಕೊಳ್ಳುತ್ತಾರೆ. ಅದಿಲ್ಲದವರು ಇಳಿಯುವ ಮೊದಲೇ ಕೆಳಗಿನ ಗೇರಿಗೆ ಬಂದು ವೇಗವನ್ನು ತಗ್ಗಿಸಬೇಕು. ವೇಗ ಇಮ್ಮಡಿಯಾದರೆ ನಿಲ್ಲಿಸುವಾಗ ಬ್ರೇಕು ನುಂಗಬೇಕಾದ ಶಾಖ ನಾಲ್ಮಡಿಯಾಗುತ್ತದೆ. ಬ್ರೇಕಿನ ದ್ರವ ವರ್ಷಗಳು ಕಳೆದಂತೆ ನೀರಿನ ಪಸೆಯನ್ನು ಹೀರುತ್ತದೆ. ಬಹಳ ಕಾದರೆ ಕುದಿದು ಆವಿಯಾಗುತ್ತದೆ. ಆಗ ಪೆಡಲನ್ನು ತಳದವರೆಗೆ ತುಳಿದರೂ ಗಾಡಿ ನಿಲ್ಲದು.

ಆದಕಾರಣ ಟ್ರೇಲರಿಗೆ ಅದರದೇ ಬ್ರೇಕು ಬೇಕು. ಅಲ್ಲಿ ಸಾಮಾನ್ಯವಾಗಿ ಚಕ್ರದೊಳಗೆ ವಿದ್ಯುತ್ತಿನ ಅಯಸ್ಕಾಂತವಿದ್ದು, ಚಾಲಕನ ಕೈಯ ಬಳಿಯ ಪೆಟ್ಟಿಗೆಯೊಂದು ಅದನ್ನು ಆಳುತ್ತದೆ. ಕೊಂಡಿ ಕಳಚಿದರೆ ಟ್ರೇಲರಿನ ಮೇಲಿನ ಚಿಕ್ಕ ಬ್ಯಾಟರಿ ತಾನಾಗಿಯೇ ಬ್ರೇಕು ಹಿಡಿಸುತ್ತದೆ. ಆ ಬ್ಯಾಟರಿ ಸತ್ತಿದ್ದರೆ ಏನು ಪ್ರಯೋಜನ? ಹೊರಡುವ ಮುನ್ನ ನೋಡಬೇಕು.

ಭಾರದ ಹದವೂ ಮುಖ್ಯ. ಎತ್ತಿನ ಗಾಡಿಯಲ್ಲಿ ಹಿಂಭಾರವಾದರೆ ಮೂಕಿ ಮೇಲೇಳುತ್ತದೆ, ಎತ್ತುಗಳ ಕೊರಳ ಹಗ್ಗ ಬಿಗಿಯುತ್ತದೆ. ಟ್ರೇಲರಿನಲ್ಲಿ ಹಿಂಭಾರವಾದರೆ ಅದು ಹಾವಿನ ಬಾಲದಂತೆ ಅತ್ತಿತ್ತ ಹೊಯ್ದಾಡುತ್ತದೆ. ಪಿಕಪ್ಪಿನ ಹಿಂಬದಿಯ ಕೊಂಡಿಗೆ ಕಟ್ಟುವ ಟ್ರೇಲರಿನ ತೂಕದಲ್ಲಿ ನೂರಕ್ಕೆ 10ರಿಂದ 15ರಷ್ಟು ಕೊಂಡಿಯ ಮೇಲೆ ಕೂತಿರಬೇಕು. ಹೊಯ್ದಾಟ ಮೊದಲಾದರೆ ಪಿಕಪ್ಪಿನ ಬ್ರೇಕನ್ನು ಒತ್ತದೆ, ಕಾಲು ತೆಗೆದು, ಟ್ರೇಲರಿನ ಬ್ರೇಕನ್ನು ಮಾತ್ರ ಕೈಯಿಂದ ಹಿಡಿಸಬೇಕು. ಒಂದೇ ಕುದುರೆಯಾದರೆ ಅಲ್ಲಿ ಅದನ್ನು ಎಡಗಡೆ ನಿಲ್ಲಿಸುವುದು ವಾಡಿಕೆ. ಬಲಗಡೆ ಓಡಾಡುವ ಆ ದೇಶದಲ್ಲಿ ರಸ್ತೆ ಬಲ ಅಂಚಿಗೆ ವಾಲಿರುತ್ತದೆ.

ಹಳೆಯದಾಗುವುದು ಪಿಕಪ್ಪು ಒಂದೇ ಅಲ್ಲ. ಟೈರಿನ ಅಚ್ಚು ಸವೆಯದಿದ್ದರೂ ರಬ್ಬರು ಬಿರಿದಿರಬಹುದು. ಟ್ರೇಲರಿನ ಮರದ ನೆಲ ಕುದುರೆಯ ಮೂತ್ರದಿಂದ ಒಳಗೇ ಕೊಳೆತಿರಬಹುದು. ಅದು ಮುರಿದರೆ ಓಡುವ ರಸ್ತೆಯ ಮೇಲೆ ಕುದುರೆಯ ಕಾಲು ಇಳಿಯುತ್ತದೆ. ಆ ಸಂಕಟವನ್ನು ಬಾಯಿಬಿಟ್ಟು ಹೇಳಲು ಅದಕ್ಕೆ ಬಾರದು. ಮುಂದೆ ಕುಳಿತವನಿಗೆ ಕೇಳಿಸದೆಯೂ ಹೋದೀತು. ಆದ್ದರಿಂದ ನೆಲದ ಮೇಲಿನ ರಬ್ಬರು ಹಾಸನ್ನು ಎತ್ತಿ, ಹಲಗೆಯನ್ನು ಚೂಪಾದ ಕಬ್ಬಿಣದಿಂದ ಚುಚ್ಚಿ ನೋಡುವುದು ಒಡೆಯನ ಧರ್ಮ.

ಮೂಟೆಯಾದರೆ ಹಗ್ಗ ಕಟ್ಟಿ ಬಿಗಿಯಬಹುದು. ಕುದುರೆ ನಾಲ್ಕು ಕಾಲಿನ ಮೇಲೆ ನಿಂತೇ ಪ್ರತಿಯೊಂದು ತಿರುವನ್ನೂ ತಡೆದುಕೊಳ್ಳಬೇಕು. ಅವಸರದ ಚಾಲಕನ ಗಾಡಿಯಿಂದ ಅದು ಬೆವೆತು ನಡುಗುತ್ತಾ ಇಳಿಯುವುದುಂಟು. ಮಾರನೆಯ ಸಲ ಟ್ರೇಲರನ್ನು ಹತ್ತಲು ಅದು ಒಪ್ಪದಿದ್ದರೆ ಮೊಂಡುತನವೆಂದು ಬಯ್ಯಬಾರದು. ಹಿಂದಿನ ಪ್ರಯಾಣವನ್ನು ಅದು ಮರೆತಿಲ್ಲ, ಅಷ್ಟೆ. ಹಳೆಯ ಪಿಕಪ್ಪನ್ನು ಬಿಸಾಡಬೇಕೆಂದು ನನ್ನ ಅಭಿಪ್ರಾಯವಲ್ಲ. ಹೊರಡುವ ದಿನ ‘ಎಳೆಯಬಲ್ಲುದೇ?’ ಎಂದು ಕೇಳುವವರು ‘ನಿಲ್ಲಿಸಬಲ್ಲುದೇ?’ ಎಂಬುದನ್ನು ಮೊದಲು ಕೇಳಿಕೊಳ್ಳಲಿ, ಉತ್ತರ ದೊರೆತ ಮೇಲೆ ಕುದುರೆಯನ್ನು ಹತ್ತಿಸಲಿ.